ಯಾರೂ ಓದದ ಹದಿನೆಂಟು ಸಾವಿರ ಸಾಲು

ನಾನು ಒಂದು ಫೈಲು. ನನ್ನನ್ನು ಮನುಷ್ಯರು ಬರೆಯಲಿಲ್ಲ. ಗದಗಿನ ಗುರುಸಿದ್ದಪ್ಪ ಮೇಷ್ಟ್ರು ಬರೆದ ಎಂಬತ್ತು ಸಾಲುಗಳನ್ನು ಓದಿ, ಕಂಪ್ಯೂಟರೇ ನನ್ನ ಹದಿನೆಂಟು ಸಾವಿರ ಸಾಲುಗಳನ್ನು ಹೆತ್ತಿತು.

ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ರಕ್ತನಿಧಿಗಳ ಫ್ರಿಜ್ಜಿನ ತಂಪನ್ನು ನಡೆಸಿ ನೋಡಿಕೊಳ್ಳುವ ಪ್ರೋಗ್ರಾಂ ಒಂದನ್ನು ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದರು. ಅವರು ಕೈಯಾರೆ ಬರೆದದ್ದೆಲ್ಲ ಇಂಟರ್ನೆಟ್ಟಿನಲ್ಲಿ ಎಲ್ಲರ ಕಣ್ಣೆದುರಿಗಿತ್ತು. ನಾನು ಮಾತ್ರ ಅಲ್ಲಿರಲಿಲ್ಲ. ಹೊಸ ಆವೃತ್ತಿ ಬಿಡುಗಡೆಯಾಗುವಾಗ ನನ್ನನ್ನು ತಯಾರಿಸಿ, ಊರೂರಿಗೆ ಕಳಿಸುವ ಫೈಲುಗಳ ಗಂಟಿನೊಳಗೆ ಸೇರಿಸುತ್ತಿದ್ದರು. ತಾವೇ ತಯಾರಿಸಿಕೊಳ್ಳಲಾಗದ ಊರಿನವರಿಗೆ ಅನುಕೂಲವಾಗಲೆಂದು. ಹೊಸ ಕಂಪ್ಯೂಟರಿಗೆ ಹೋಗಿ, ಅಲ್ಲಿ ಏನಿದೆ ಏನಿಲ್ಲ ನೋಡಿ, ಪ್ರೋಗ್ರಾಂ ನೆಲೆಯೂರಲು ಹದ ಮಾಡುವುದು ನನ್ನ ಕೆಲಸ. ನನ್ನನ್ನು ಎಲ್ಲರೂ ತಮ್ಮ ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದರು. ಓದಿದವರು ಒಬ್ಬರೂ ಇಲ್ಲ.

ಮೇಷ್ಟ್ರ ಕಣ್ಣು ಮಂಜಾಯಿತು. ಎರಡು ವರ್ಷಗಳಿಂದ ದೂರದಿಂದಲೇ ಪ್ರೋಗ್ರಾಮಿನ ತಪ್ಪು ತಿದ್ದಿಕೊಡುತ್ತಿದ್ದ ನಿರಂಜನ ಎಂಬಾತ ಫೋನಿನಲ್ಲಿ ಹೇಳಿದ: “ಆಪರೇಷನ್ ಮುಗಿಸ್ಕೊಳ್ಳಿ ಸರ್. ಈ ಸಲ ಬಿಡುಗಡೆ ನಾನು ನೋಡ್ಕೋತೀನಿ.”

“ನೀ ಇದ್ದೀಯಲ್ಲೋ ತಮ್ಮಾ, ಅದ ನನಗ ಧೈರ್ಯ,” ಎಂದರು ಮೇಷ್ಟ್ರು.

ಹೆಂಡತಿ ಗಂಗವ್ವ ಕೇಳಿದರು: “ಅವನ ಮಾರಿ ಒಮ್ಮೆಯಾದ್ರೂ ನೋಡೀರೇನ್ರಿ?”

“ಕೆಲಸ ನೋಡೀನಲ್ಲ, ಸಾಕು.”

ನಿರಂಜನ ನನ್ನನ್ನು ತಯಾರಿಸಿದ. ಆಮೇಲೆ ಒಂಬತ್ತು ಸಾವಿರನೆಯ ಸಾಲಿನ ಹತ್ತಿರ ನನ್ನನ್ನು ಬಿಚ್ಚಿ, ಹನ್ನೊಂದು ಸಾಲು ಒಳಗಿಟ್ಟು ಮುಚ್ಚಿದ. ನನಗೆ ನೋವಾಗಲಿಲ್ಲ. ಗಂಟು ಕಟ್ಟಿ ಹದಿನಾಲ್ಕು ಊರಿಗೆ ಕಳಿಸಿದ. ನಕಲು ಎಲ್ಲೇ ಇರಲಿ, ಅದು ನಾನೇ.

ರಾಯಚೂರಿನ ಕಡೆಯ ಒಂದು ರಕ್ತನಿಧಿಯಲ್ಲಿ ತಾಂತ್ರಿಕ ಕೆಲಸ ನೋಡುತ್ತಿದ್ದ ಶಕೀಲಾ ನನ್ನನ್ನು ಓಡಿಸಿದಳು. ನಾನು ಎಂದಿನಂತೆ ಎಲ್ಲ ತಪಾಸಣೆ ಮಾಡಿದೆ. ಜೊತೆಗೆ, ಹೊರಗಿನವನು ಬಂದು ಹೋಗಲು ಒಂದು ಬಾಗಿಲನ್ನೂ ತೆರೆದಿಟ್ಟೆ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಆ ಬಾಗಿಲಿನಿಂದ ಯಾರೋ ಬಂದರು. ಫ್ರಿಜ್ಜಿನ ತಂಪು ನಿಲ್ಲಿಸಿದರು. ಎಚ್ಚರಿಕೆಯ ಗಂಟೆಯನ್ನೂ ನಿಲ್ಲಿಸಿದರು. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಮರುದಿನ ಮಧ್ಯಾಹ್ನ ಹೆರಿಗೆ ವಾರ್ಡಿನಿಂದ ಹೆಂಗಸೊಬ್ಬಳಿಗೆ ರಕ್ತ ಬೇಕೆಂದು ಓಡಿಬಂದರು. ಶಕೀಲಾ ಫ್ರಿಜ್ಜಿನೊಳಗೆ ಕೈಯಿಟ್ಟಳು. ಚೀಲಗಳು ಮೈಯಷ್ಟೇ ಬೆಚ್ಚಗಿದ್ದವು.

ಒಂದು ವಾರ ಆಕೆ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಕೊನೆಗೆ ಮೇಷ್ಟ್ರ ಎಂಬತ್ತು ಸಾಲಿನಿಂದ ತಾನೇ ನನ್ನನ್ನು ಹೊಸದಾಗಿ ತಯಾರಿಸಿ, ಹಳೆಯ ನನ್ನ ಪಕ್ಕಕ್ಕಿಟ್ಟು ನೋಡಿದಳು. ಹನ್ನೊಂದು ಸಾಲು ಹೆಚ್ಚಿತ್ತು. ಆಕೆ ಗದಗಿಗೆ ಫೋನ್ ಮಾಡಿ, ಹೆರಿಗೆ ವಾರ್ಡಿಗೆ ರಕ್ತ ಸಿಗದೇ ಹೋದದ್ದನ್ನೂ ಆ ಸಾಲುಗಳ ವಿಷಯವನ್ನೂ ಹೇಳಿದಳು.

“ನಾ ಬರದದ್ರಾಗ ಅಂಥಾದ್ದೇನೂ ಇಲ್ಲವ್ವಾ,” ಎಂದರು ಮೇಷ್ಟ್ರು. ಕಣ್ಣಿಗೆ ಇನ್ನೂ ಪಟ್ಟಿಯಿತ್ತು.

“ನೀವು ಬರದದ್ರಾಗ ಇಲ್ರೀ ಸರ್. ನೀವು ಓದಲಾರದ್ದರಾಗ ಐತಿ.”

ಮೇಷ್ಟ್ರು ಕೇಳಿದರು: “ಆ ಹೆಣ್ಮಗಳು?”

“ಕೂಸು ಉಳೀತ್ರೀ. ತಾಯಿ ಉಳೀಲಿಲ್ಲ.”

ಶಕೀಲಾ ಕಳಿಸಿದ ಆ ಹನ್ನೊಂದು ಸಾಲನ್ನು ಗಂಗವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿ ಹೇಳಿದರು. ಮೇಷ್ಟ್ರು ಗೋಡೆಗೆ ಒರಗಿ ಕೇಳಿದರು. ನಿರಂಜನನ ನಂಬರು ಅಸ್ತಿತ್ವದಲ್ಲಿರಲಿಲ್ಲ. ಆತ ಯಾರು, ಯಾಕೆ ಮಾಡಿದ, ಇಂದಿಗೂ ಯಾರಿಗೂ ಗೊತ್ತಿಲ್ಲ.

ಈಗ ಮೇಷ್ಟ್ರು ಕಟ್ಟುವ ಗಂಟಿನಲ್ಲಿ ನನ್ನಂಥವರಿಗೆ ಜಾಗವಿಲ್ಲ. ಬೇಕಾದವರು ತಾವೇ ತಯಾರಿಸಿಕೊಳ್ಳಬೇಕು. ಸಾಕ್ಷಿಗೆಂದು ನನ್ನನ್ನು ಅವರ ಮನೆಯ ಒಂದು ಹಳೆಯ ಕಂಪ್ಯೂಟರಿನಲ್ಲಿ, ಇಂಟರ್ನೆಟ್ಟಿನ ತಂತಿ ಕಿತ್ತು ಇಟ್ಟಿದ್ದಾರೆ. ತಪ್ಪು ನನ್ನದಲ್ಲ ಎಂದುಕೊಳ್ಳಲು ನೋಡುತ್ತೇನೆ. ಆದರೆ ಆ ಬಾಗಿಲು ತೆರೆದದ್ದು ನಾನೇ.

‘ತೆಗೆದುಹಾಕಿ’ ಎಂದು ಎಲ್ಲ ಊರಿಗೂ ಪತ್ರ ಹೋಯಿತು. ಒಂಬತ್ತು ಕಡೆಯಿಂದ ಉತ್ತರ ಬಂತು. ಉಳಿದ ಐದಕ್ಕೆ ಮೇಷ್ಟ್ರು ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ.

ಆ ಐದೂ ಕಡೆ ನಾನಿದ್ದೇನೆ.