ಹೊಸ ಬ್ಲೇಡು

ಚಲಪತಿ ಹೋದನೆಂದು ಡಾಕ್ಟರು ಹೊರಗೆ ಬಂದು ಹೇಳಿದ ದಿನ, ಗಂಗುಲಮ್ಮ ಆಸ್ಪತ್ರೆಯ ಗೋಡೆಗೆ ಹಣೆ ಚಚ್ಚಿಕೊಂಡಳು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹಿರಿಮಗ ಹೊಟ್ಟೆನೋವಿನಿಂದ ನರಳಿ, ರಕ್ತ ಕಾರಿಕೊಂಡು ಸತ್ತಿದ್ದ. ಅವಳನ್ನು ಹಿಡಿದು ಕೂರಿಸಿದ ನರ್ಸಮ್ಮ, ಇದು ಹೆಪಟೈಟಿಸ್ ಬಿ, ರಕ್ತದಿಂದ ರಕ್ತಕ್ಕೆ ದಾಟುತ್ತದೆ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದಳು. ತಗುಲಿದ್ದರೆ ಮಾತ್ರೆಯಿದೆ, ತಗುಲದವರಿಗೆ ಲಸಿಕೆಯಿದೆ, ಎಲ್ಲ ಪುಕ್ಕಟೆ ಎಂದೂ ಬಿಡಿಸಿ ಹೇಳಿದಳು.

ಮೈದುನ ಮುನಿನಾರಾಯಣಪ್ಪ ಒಪ್ಪಲಿಲ್ಲ. ತಿಥಿ ಮುಗಿಯುವವರೆಗೆ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತಕೂಡದು, ರೋಗದ ಮನೆಯೆಂದು ಹೆಸರು ಬಿದ್ದರೆ ಜಗನ್‌ಗೆ ಹೆಣ್ಣು ಕೊಡುವವರಾರು ಎಂದ. ಜಗನ್ ಅವಳಿಗೆ ಉಳಿದ ಒಬ್ಬನೇ ಮಗ. ಅಣ್ಣನ ರೇಜರಿನಲ್ಲೇ ಗಡ್ಡ ಹೆರೆದುಕೊಳ್ಳುತ್ತಿದ್ದವನು.

ತಿಥಿಯ ದಿನ ಕೆರೆಯ ಕಟ್ಟೆಯ ಮೇಲೆ ಕ್ಷೌರಕ್ಕೆ ಕೂತರು. ಕ್ಷೌರಿಕ ಕೊಂಡಪ್ಪ ಮೊದಲು ಜಗನ್‌ನ ತಲೆ ಬೋಳಿಸಿದ. ಹುಡುಗ ಬಿಕ್ಕಿದಾಗ ಬ್ಲೇಡು ಸಿಕ್ಕಿಸಿದ ಕತ್ತಿ ಜಾರಿ ನೆತ್ತಿ ಕೊಯ್ದು, ರಕ್ತ ಕಿವಿಯವರೆಗೆ ಇಳಿಯಿತು. ಅವನು ಟವಲಿನಿಂದ ಒತ್ತಿಕೊಂಡು ಎದ್ದ. ಕೊಂಡಪ್ಪ ಕತ್ತಿಯನ್ನು ಚೊಂಬಿನ ನೀರಿಗೆ ಅದ್ದಿ ಒದರಿ, ಮುನಿನಾರಾಯಣಪ್ಪನ ತಲೆಗೆ ಇಡಹೋದ.

ಗಂಗುಲಮ್ಮ ನುಗ್ಗಿ ಅವನ ಮುಂಗೈ ಹಿಡಿದಳು.

"ಬ್ಲೇಡು ಬದಲಾಯ್ಸಪ್ಪ. ಜಗನಪ್ಪನ ರಕ್ತದಾಗೂ ಅದೇ ರೋಗ ಐತೇನೋ, ಯಾರಿಗ್ಗೊತ್ತು."

ನೆಂಟರು ದಂಗಾದರು. ಮುನಿನಾರಾಯಣಪ್ಪ ಎದ್ದವನೇ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು.

"ಇರೋ ಮಗನ್ನೂ ನೀನೇ ಸಾಯಿಸ್ತಾ ಇದ್ದೀಯ, ಅತ್ತಿಗೆ. ಬಾಯ್ಮುಚ್ಕೊ."

ಜುಟ್ಟು ಹಿಡಿದು ಎಳೆದ. ಬಿದ್ದವಳ ಪಕ್ಕೆಗೆ ಒದ್ದ. ಅವಳು ಕೊಂಡಪ್ಪನ ಕೈ ಬಿಡಲಿಲ್ಲ. ಮತ್ತೊಮ್ಮೆ ಕಾಲೆತ್ತುವಷ್ಟರಲ್ಲಿ ಜಗನ್ ಎತ್ತಿಕೊಂಡ ಕಲ್ಲು ಚಿಕ್ಕಪ್ಪನ ಹುಬ್ಬಿಗೆ ಬಿತ್ತು. ಮುನಿನಾರಾಯಣಪ್ಪ ಕುಸಿದು ಕೂತ. ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು.

ಮಾಡಿದ್ದನ್ನು ಕಂಡು ಗಾಬರಿಯಾಗಿ ಜಗನ್ ಓಡಿಹೋಗಿ, ತನ್ನ ನೆತ್ತಿ ಒತ್ತಿಕೊಂಡಿದ್ದ ಟವಲನ್ನೇ ಆ ಗಾಯಕ್ಕೆ ಒತ್ತಲು ಬಗ್ಗಿದ. ಮುನಿನಾರಾಯಣಪ್ಪ ಎರಡೂ ಕೈ ಅಡ್ಡ ಹಿಡಿದು, ಕೂತಲ್ಲಿಂದಲೇ ಹಿಂದಕ್ಕೆ ತೆವಳಿದ.

"ಮುಟ್ಟಬೇಡ ಕಣೋ," ಎಂದ.

ಜಗನ್ ಟವಲು ಹಿಡಿದು ನಿಂತೇ ಇದ್ದ. ಕೊಂಡಪ್ಪ ಪೊಟ್ಟಣ ಬಿಡಿಸಿ ಹೊಸ ಬ್ಲೇಡು ತೆಗೆದ.

"ಹೆದ್ರಿಕೆ ನಿಂಗೂ ಐತಲ್ಲ," ಎಂದಳು ಗಂಗುಲಮ್ಮ, ಪಕ್ಕೆ ಹಿಡಿದು ಏಳುತ್ತ. "ಕಾರ್ಯ ಮುಗಿಸ್ಕೊಂಡು ಎಲ್ರೂ ಗೌರಿಬಿದನೂರಿನ ಆಸ್ಪತ್ರೆಗೆ ಹೋಗಣ. ಜಗನಪ್ಪ, ರಕ್ತ ಪರೀಕ್ಷೆಗೆ ನೀನು ಮೊದಲು ತೋಳು ಚಾಚು."

ಆಮೇಲೆ ಕೆರೆಯ ನೀರಿಗಿಳಿದು, ಚಲಪತಿಯ ಪಿಂಡವನ್ನು ಬಿಟ್ಟು ಕೈ ಮುಗಿದಳು. ತುಟಿಯ ರಕ್ತ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಸ್ವಾಮಿ, ನನ್ನ ಕಂದನ್ನ ಇನ್ನು ಹೊಟ್ಟೆನೋವಿಲ್ದಂಗೆ ಮಲಗಿಸ್ಕೊಳ್ಳಪ್ಪಾ."