ಬಲಗಡೆ ಮೇಲಿನ ಮೂಲೆ

ಪರದೆ ಖಾಲಿಯಾಗಿ ಸಭಾಂಗಣದ ದೀಪ ಹತ್ತಿದ ಕೂಡಲೆ, ಕಿವಿ ಎಂದು ಕರೆಸಿಕೊಳ್ಳುವ ಗೆಳೆಯ ಗಂಟಲು ಸರಿಮಾಡಿಕೊಂಡು, "ಎಡಗಡೆ ಮೇಲೆ ಚೊಕ್ಕ, ಎಡಗಡೆ ಕೆಳಗೆ ಚೊಕ್ಕ," ಎಂದ. ಅವನ ನಂತರ ತಂಗಿ ಕತ್ತರಿಯ ಸರದಿ. ಅವಳು, "ಬಲಗಡೆ ಕೆಳಗೆ ಚೊಕ್ಕ," ಎಂದು ಹೇಳಿ ಅಣ್ಣನ ಕಡೆ ತಿರುಗಿದಳು. ಅಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಳ್ಳುತ್ತ, ಇಷ್ಟು ವರ್ಷ ಹೇಳಿಕೊಂಡು ಬಂದ ಅದೇ ಧಾಟಿಯಲ್ಲಿ, "ಬಲಗಡೆ ಮೇಲೆ ಚೊಕ್ಕ," ಎಂದ.

ಬಲಗಡೆ ಮೇಲೆ ಚೊಕ್ಕವಾಗಿರಲಿಲ್ಲ. ಕತ್ತು ಹಿಡಿದುಕೊಂಡಿತ್ತೆಂದು ಕತ್ತರಿ ನಡುವೆ ಒಮ್ಮೆ ತಲೆಯನ್ನು ಹಿಂದಕ್ಕೆ ಚೆಲ್ಲಿದ್ದಳು. ಆಗ ತನ್ನದಲ್ಲದ ಆ ಮೂಲೆ ಕಣ್ಣಿಗೆ ಬಿದ್ದಿತ್ತು. ನದಿ ತಿರುಗುವಲ್ಲಿ, ಕಣಿವೆ ಕಿರಿದಾಗುವ ಜಾಗದಲ್ಲಿ, ಈ ಬಂಡೆಯಿಂದ ಆ ಬಂಡೆಗೆ ಒಂದು ತಂತಿ ಎಳೆದಿತ್ತು. ಯಾವ ಕಾಲದಲ್ಲೋ ಯಾರೋ ಸಾಮಾನು ದಾಟಿಸಲು ಕಟ್ಟಿ ಮರೆತದ್ದಿರಬೇಕು. ಆರು ಮಹಡಿ ಎತ್ತರದ ಪರದೆಯ ಮೇಲೆ ಅದು ಬಟ್ಟೆ ಒಣಹಾಕುವ ಹಗ್ಗದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಮೂಲೆ ಹಂಚಿಕೊಂಡು ನೋಡುವ ಈ ಪದ್ಧತಿ ಆ ಸ್ಟುಡಿಯೊದಲ್ಲಿ ಹುಟ್ಟಿದ್ದು ಒಂದು ಫ್ಲಾಸ್ಕಿನಿಂದ. ಅಣ್ಣ, ಅತ್ತಿಗೆ, ತಂಗಿ ಮತ್ತು ಧ್ವನಿ ಹಿಡಿಯುವ ಗೆಳೆಯ, ಹೀಗೆ ನಾಲ್ವರೇ ಸೇರಿ ಹಳೆಯ ಟೈರ್ ಗೋದಾಮೊಂದರಲ್ಲಿ ಅದನ್ನು ಶುರುಮಾಡಿದಾಗ, ದೈತ್ಯ ಪರದೆಗೆ ಕಾಡು ನೀರು ಹಕ್ಕಿಗಳ ಚಿತ್ರ ತೆಗೆಯುತ್ತೇವೆ ಎಂದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕ್ಯಾಮೆರಾ ಎತ್ತಲು ಇಬ್ಬರು ಬೇಕು. ಒಮ್ಮೆ ತುಂಬಿದ ಫಿಲ್ಮು ಮೂರು ನಿಮಿಷಕ್ಕೆ ಖಾಲಿ. ಓಡುವಾಗ ಕ್ಯಾಮೆರಾ ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು, ಆದ್ದರಿಂದ ಧ್ವನಿಯವನು ಎಲ್ಲರೂ ಹೋದ ಮೇಲೆ ಒಬ್ಬನೇ ಕೂತು ಹಕ್ಕಿಗಳ ಕೂಗು ಹಿಡಿದು ತರಬೇಕಿತ್ತು. ಕಿವಿ ಎಂದು ಹೆಸರು ಬಿದ್ದದ್ದು ಅದರಿಂದಲೇ. ತನ್ನನ್ನು ಊಟ ಮುಗಿದ ಮೇಲೆ ಕರೆಯುತ್ತೀರಿ ಎಂದು ಅವನು ಇವತ್ತಿಗೂ ಗೊಣಗುತ್ತಾನೆ.

ಮೊದಲ ಚಿತ್ರ ಜೌಗು ನೆಲದ್ದು. ಸಂಕಲನದ ಮೇಜಿನ ಅಂಗೈಯಗಲದ ಗಾಜಿನಲ್ಲಿ ಎಲ್ಲವೂ ಚೆನ್ನಾಗಿತ್ತು. ಬಿಡುಗಡೆಯ ದಿನ ಪರದೆಯ ಮೇಲೆ ಕೊಕ್ಕರೆಯೊಂದು ಗಂಭೀರವಾಗಿ ನಿಂತಿದ್ದರೆ, ಅದರ ಪಕ್ಕದ ಹುಲ್ಲಿನಲ್ಲಿ ಇವರ ಟೀ ಫ್ಲಾಸ್ಕು ಎಮ್ಮೆಯಷ್ಟು ದೊಡ್ಡದಾಗಿ ನಿಂತಿತ್ತು. ಒಂದು ಮಗು ಎದ್ದು ನಿಂತು, ಅದನ್ನು ಅಮ್ಮನಿಗೆ ತೋರಿಸಿತು. ಅಲ್ಲಿಂದ ಮುಂದೆ ನಾಲ್ವರೂ ನಾಚಿಕೆಯಿಂದ ನೆಲ ನೋಡುತ್ತ ಕೂತರು. ಮರುದಿನವೇ ತಂಗಿ ಕೂತು ಆ ಕೊಕ್ಕರೆಯನ್ನು ಫ್ಲಾಸ್ಕಿನ ಸಮೇತ ಕತ್ತರಿಸಿ ಎಸೆದಳು. ಅವತ್ತಿನಿಂದ ಅವಳು ಕತ್ತರಿ.

ಆಮೇಲೆ ಅಣ್ಣ ನಿಯಮ ಮಾಡಿದ. ಕತ್ತರಿಸಿದ ಆ ಜೌಗಿನ ಚಿತ್ರದಿಂದ ಹಿಡಿದು, ಯಾವ ಚಿತ್ರವೂ ಹೊರಗೆ ಹೋಗುವ ಮುಂಚೆ ಮ್ಯೂಸಿಯಮ್ಮಿನ ಸಭಾಂಗಣವನ್ನು ಬೆಳಗಿನ ಹೊತ್ತು ಕೇಳಿ ಪಡೆದು, ನಾಲ್ವರೂ ಮೊದಲ ಸಾಲಿನಲ್ಲಿ ಕೂರಬೇಕು. ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಪರದೆಯ ನಡುವೆ ಹುಲಿ ಬಂದರೂ ಮೂಲೆಯಿಂದ ಕಣ್ಣು ತೆಗೆಯಬಾರದು. "ಮಧ್ಯದಲ್ಲಿ ಇರೋದನ್ನ ಜನ ನೋಡ್ಕೊಳ್ತಾರೆ," ಎನ್ನುತ್ತಿದ್ದ ಅಣ್ಣ, "ಮೂಲೆಗೆ ನಾವಲ್ದೆ ಇನ್ಯಾರೂ ದಿಕ್ಕಿಲ್ಲ." ಹೀಗಾಗಿ ಇಷ್ಟೊಂದು ಚಿತ್ರ ಮಾಡಿದವರು ತಮ್ಮ ಒಂದು ಚಿತ್ರವನ್ನೂ ದೊಡ್ಡ ಪರದೆಯಲ್ಲಿ ನೆಟ್ಟಗೆ ನೋಡಿರಲಿಲ್ಲ. ಜೌಗಿನ ಚಿತ್ರ ಅದೇ ಮ್ಯೂಸಿಯಮ್ಮಿನಲ್ಲಿ ಇನ್ನೂ ಶಾಲೆಯ ಮಕ್ಕಳಿಗಾಗಿ ಓಡುತ್ತದೆ. ಅದರಲ್ಲಿ ಒಂದು ಕಡೆ ವಿಮಾನ ಪಕ್ಕಕ್ಕೆ ವಾಲುತ್ತದೆ, ನೆಲವೆಲ್ಲ ಎದ್ದು ಮೈಮೇಲೆ ಬಂದಂತಾಗಿ ಮಕ್ಕಳು ಕಿರುಚಿಕೊಂಡು ಕುರ್ಚಿ ಹಿಡಿಯುತ್ತವೆ. ಇದರಲ್ಲಿ ಹೆದರುವುದೇನಿದೆ ಎಂದು ಅಣ್ಣನಿಗೆ ಎಂದೂ ಅರ್ಥವಾಗಿರಲಿಲ್ಲ. ಅವನ ಮೂಲೆಯಲ್ಲಿ ಆಗ ಬರೀ ಆಕಾಶ ಇರುತ್ತಿತ್ತು.

ಕತ್ತರಿ ತನ್ನ ಮೂಲೆಯಲ್ಲಿ ಗೀರು ಕಂಡಂತಾಯಿತು ಎಂದು ಸುಳ್ಳು ಹೇಳಿ ಆ ರೀಲನ್ನು ಇನ್ನೊಮ್ಮೆ ಹಾಕಿಸಿದಳು. ಈ ಸಲ ಅಣ್ಣನ ಮೂಲೆಯನ್ನು ಬಿಟ್ಟು ಬೇರೇನೂ ನೋಡಲಿಲ್ಲ. ತಂತಿ ಇದ್ದಲ್ಲೇ ಇತ್ತು. ಅಣ್ಣ ಅದೇ ದಿಕ್ಕಿಗೆ ಮುಖ ಮಾಡಿ, ಕಣ್ಣು ಮಿಟುಕಿಸದೆ ಕೂತಿದ್ದ. ದೀಪ ಹತ್ತಿದ ಮೇಲೆ ಮತ್ತೆ ಚೊಕ್ಕ ಎಂದ. ಕೆಲಸದ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. ಕೂದಲೆಳೆ ಕಂಡರೂ ಇಡೀ ದಿನದ ಚಿತ್ರೀಕರಣವನ್ನು ಬುಟ್ಟಿಗೆ ಎಸೆದವನು. ಅಂದಮೇಲೆ ಅವನಿಗೆ ಅದು ಕಾಣುತ್ತಿಲ್ಲ.

ಹಾಗೆ ಅನ್ನಿಸಿದ್ದೇ ತಡ, ಒಂದೊಂದೇ ಜೋಡಿಸಿಕೊಂಡು ಬಂತು. ತೆರೆದ ಕಪಾಟಿನ ಬಾಗಿಲಿಗೆ ಹಣೆ ಬಡಿದುಕೊಂಡು ಅಂಟಿಸಿಕೊಂಡಿದ್ದ ಪಟ್ಟಿ. ಕಪಾಟನ್ನೇ ಬೈದಿದ್ದ. ಗೋದಾಮಿನ ಅಟ್ಟದಿಂದ ಅವಳು ಕೈ ಬೀಸಿದರೂ ನೋಡದೆ ಹೋದದ್ದು. ಯಜಮಾನರಿಗೆ ಈಚೆಗೆ ದೊಡ್ಡಸ್ತಿಕೆ ಬಂದಿದೆ ಎಂದು ಆಗ ಅವಳು ತಮಾಷೆ ಮಾಡಿದ್ದಳು.

ಮುಂದಿನ ವಾರ ಅದೇ ಕಣಿವೆಗೆ ಹೆಲಿಕಾಪ್ಟರ್ ಹೋಗಬೇಕಿತ್ತು. ಮೊದಲ ಸಲ ಕಿರಿದಾದ ಜಾಗ ಬರುವ ಮುಂಚೆಯೇ ಮೇಲೇರಿ ವಾಪಸು ಬಂದಿದ್ದರು. ಈ ಸಲ ನೀರಿನ ಮಟ್ಟಕ್ಕೆ ಇಳಿದು ಒಳಗೇ ನುಗ್ಗುವುದೆಂದು ಮಾತಾಗಿತ್ತು. ಬಲಗಡೆಯ ಬಾಗಿಲು ಕಳಚಿ, ಬೆಲ್ಟು ಬಿಗಿದುಕೊಂಡು, ಕಾಲು ಹೊರಗೆ ಇಳಿಬಿಟ್ಟು ಅಣ್ಣ ಕೂರುತ್ತಾನೆ. ಆ ಪಕ್ಕದ ಬಂಡೆ ಎಷ್ಟು ಹತ್ತಿರ ಬಂತು, ಮೇಲೇನಿದೆ ಎಂದು ಪೈಲಟ್ಟಿಗೆ ಹೇಳುವ ಹೊಣೆ ಬಾಗಿಲಲ್ಲಿ ಕೂತವನದು. ನದಿಯ ಚಿತ್ರಕ್ಕೆ ಉಳಿದಿದ್ದದ್ದು ಅದೊಂದೇ ದೃಶ್ಯ. ಎರಡನೇ ಕ್ಯಾಮೆರಾ ನೋಡಿಕೊಳ್ಳುವ ಹುಡುಗಿ ಇದ್ದರೂ, ಅದನ್ನು ತಾನೇ ತೆಗೆಯುವುದೆಂದು ಅಣ್ಣ ಪಟ್ಟು ಹಿಡಿದು ಕೂತಿದ್ದ.

ಅವತ್ತು ಅತ್ತಿಗೆಗೆ ಜ್ವರ. ಸ್ಟುಡಿಯೊ ಶುರುವಾದ ಮೇಲೆ ಅವಳು ಬೆಳಗಿನ ಪ್ರದರ್ಶನ ತಪ್ಪಿಸಿದ್ದು ಅದೇ ಮೊದಲು. ಮಧ್ಯಾಹ್ನ ಕತ್ತರಿ ಹೋದಾಗ ಅವಳು ಹಾಸಿಗೆಯಲ್ಲಿ ಒರಗಿ ಕೂತು ಬಿಸಿನೀರು ಕುಡಿಯುತ್ತಿದ್ದಳು. ಅಣ್ಣ ಕ್ಯಾಮೆರಾ ಒರೆಸಿಡಲು ಗೋದಾಮಿಗೆ ಹೋಗಿದ್ದ. ಕತ್ತರಿ ತಂತಿಯ ಮಾತು ಎತ್ತಿದಳಷ್ಟೆ, ಅತ್ತಿಗೆ ಲೋಟವನ್ನು ಕೆಳಗಿಟ್ಟಳು.

ಹಿಂದಿನ ಚಿತ್ರ ಮುಗಿಯುವ ಹೊತ್ತಿಗೇ ಆದದ್ದಂತೆ. ತಲೆಯೊಳಗೆ ಎಲ್ಲೋ ಒಂದು ಸಣ್ಣ ನಾಳ ಕಟ್ಟಿಕೊಂಡು, ಒಂದು ಬೆಳಿಗ್ಗೆ ತಲೆ ಸುತ್ತಿ ಕೂತವನು ಸಂಜೆಗೆ ಸರಿಯಾದ. ಆದರೆ ಎರಡೂ ಕಣ್ಣಿಗೆ ಒಂದು ಪಾಲು ನೋಟ ಹೋಯಿತು, ಇನ್ನು ಅದು ಬರುವುದಿಲ್ಲ.

"ಡಾಕ್ಟ್ರು ಒಂದು ವೃತ್ತ ಬರೆದು, ಕಾಣದೆ ಇರೋ ಜಾಗಕ್ಕೆ ಪೆನ್ಸಿಲ್ಲಲ್ಲಿ ಕಪ್ಪು ತುಂಬಿ ತೋರಿಸಿದ್ರು," ಎಂದಳು ಅತ್ತಿಗೆ. "ಎಲ್ಲಿ ನೋಡಿದ್ರೂ ಅದರ ಬಲಗಡೆ ಮೇಲೆ. ಇವರು ಅಲ್ಲೇ ನಕ್ಕುಬಿಟ್ರು. ನನ್ನ ಮೂಲೇನೇ ಹೋಯ್ತಲ್ಲೇ ಅಂದ್ರು. ಮನೆಗೆ ಬಂದು ಅತ್ತರು."

ಅಲ್ಲಿಂದ ಈಚೆಗೆ ಅವನ ಮೂಲೆಯನ್ನು ನೋಡುತ್ತಿದ್ದವಳು ಅತ್ತಿಗೆಯೇ. ಪಕ್ಕದಲ್ಲಿ ಕೂತು, ಏನಾದರೂ ಕಂಡರೆ ಅವನ ತೋಳನ್ನು ಒತ್ತುತ್ತಿದ್ದಳು. ಅವನು ತಾನೇ ಕಂಡವನ ಹಾಗೆ ರೀಲು ನಿಲ್ಲಿಸಿ ಹೇಳುತ್ತಿದ್ದ. ಅವಳು ತನಗೆ ಕತ್ತಲೆಯಲ್ಲಿ ನಿದ್ದೆ ಬರುತ್ತದೆ ಎಂದು ಹೇಳಿ ತನ್ನ ಮೂಲೆಯನ್ನು ಕಿವಿಗೆ ವಹಿಸಿದ್ದಳು. ಕಿವಿ ಅದನ್ನು ನಂಬಿ, ಈ ವಯಸ್ಸಿಗೇ ಇಷ್ಟು ನಿದ್ದೆಯೇ ಎಂದು ಅವಳನ್ನು ರೇಗಿಸುತ್ತಿದ್ದ. ಪ್ರಪಂಚದ ಸದ್ದೆಲ್ಲ ಕೇಳಿಸಿಕೊಳ್ಳುವ ಆಸಾಮಿಗೆ ಪಕ್ಕದ ಕುರ್ಚಿಯ ಗುಟ್ಟು ಗೊತ್ತಾಗಲಿಲ್ಲ.

"ನನಗೆ ಹೇಳಬೇಕಿತ್ತು ಅತ್ತಿಗೆ."

"ಇದೊಂದು ಪಿಚ್ಚರ್ ಮುಗೀಲಿ ಅಂತ ಕೈ ಹಿಡ್ಕೊಂಡು ಕೇಳಿದ್ರು. ಕ್ಯಾಮೆರಾ ಬಿಟ್ರೆ ನಾನು ಯಾರು ಹೇಳು ಅಂದ್ರು. ನಾನು ಆಗ್ಲಿ ಅಂದುಬಿಟ್ಟೆ."

ಪೈಲಟ್ಟಿಗೆ ಫೋನ್ ಮಾಡಿ ತಂತಿಯ ವಿಷಯವೊಂದನ್ನು ತಿಳಿಸಿ, ಉಳಿದದ್ದಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗದೇ ಎಂದು ಕತ್ತರಿಗೆ ಆಸೆಯಾಯಿತು. ಅಣ್ಣನ ಮರ್ಯಾದೆ ಉಳಿಯುತ್ತದೆ, ಚಿತ್ರವೂ ಮುಗಿಯುತ್ತದೆ. ಅವಳು ಅದನ್ನೇ ಬಾಯಿಬಿಟ್ಟು ಹೇಳಿದಳು ಕೂಡ.

"ಈ ತಂತಿ ನೀನು ಹೇಳ್ತೀಯ," ಎಂದಳು ಅತ್ತಿಗೆ. "ಅದರಾಚೆ ಇನ್ನೊಂದಿದ್ರೆ? ಅಲ್ಲಿ ತೋಳು ಒತ್ತೋಕೆ ನಾನಿರಲ್ಲ." ಸ್ವಲ್ಪ ಹೊತ್ತು ಕೆಮ್ಮಿ ಸುಧಾರಿಸಿಕೊಂಡು ಹೇಳಿದಳು: "ನಾನು ಬೇಡ ಅಂದ್ರೆ ಹೆಂಡತಿ ಭಯ ಅಂತಾರೆ. ನೀನು ಅಂದ್ರೆ ಅದು ಕೆಲಸದ ಮಾತು."

ಮರುದಿನ ಬೆಳಿಗ್ಗೆ, ಗೀರಿನ ನೆಪ ಹೇಳಿ ಕತ್ತರಿ ಮತ್ತೆ ಕೇಳಿ ಪಡೆದ ಸಭಾಂಗಣದಲ್ಲಿ ಕಸ ಗುಡಿಸುವವರು ಇನ್ನೂ ಹಿಂದಿನ ಸಾಲುಗಳಲ್ಲಿದ್ದರು. ಮೊದಲ ಸಾಲಿನಲ್ಲಿ ಕಿವಿ, ಅವನ ಪಕ್ಕ ಶಾಲು ಹೊದ್ದ ಅತ್ತಿಗೆ. ಕತ್ತರಿ ಹೋಗಿ ಅಣ್ಣನ ಕುರ್ಚಿಯಲ್ಲಿ ಕೂತಳು. ಕೂತದ್ದಷ್ಟೆ, ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟ ಹಾಗೆ ಕಸಿವಿಸಿಯಾಯಿತು. ಅಣ್ಣ ಪ್ರೊಜೆಕ್ಷನ್ ಕೋಣೆಯವನ ಹತ್ತಿರ ಮಾತಾಡಿ ಮುಗಿಸಿ ಕೆಳಗಿಳಿದು ಬಂದು, ಅವಳ ಎದುರು ನಿಂತ.

"ನನ್ನ ಜಾಗದಲ್ಲಿ ಕೂತಿದ್ದೀಯಲ್ಲ."

"ಇವತ್ತು ಬಲಗಡೆ ಎರಡೂ ನನ್ನದು ಅಣ್ಣ."

"ನಾನೆಲ್ಲಿ ಕೂರಲಿ?"

"ಹಿಂದೆ ಹೋಗು. ನಡುವಿನ ಸಾಲಲ್ಲಿ, ಮಧ್ಯದಲ್ಲಿ ಕೂತ್ಕೊ."

"ಅಲ್ಲಿ ಕೂತವನಿಗೆ ಯಾವ ಮೂಲೆ?"

"ಯಾವುದೂ ಇಲ್ಲ. ಪಿಚ್ಚರ್ ನೋಡು."

ಅಣ್ಣ ಹೆಂಡತಿಯ ಕಡೆ ನೋಡಿದ. ಅವಳು ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ಎತ್ತಲಿಲ್ಲ. ಅಣ್ಣ ಮೆಟ್ಟಿಲು ಹತ್ತಿ ಹೋದ. ಅವನು ಕೈಯಿಂದ ಕುರ್ಚಿಗಳ ಬೆನ್ನನ್ನು ಮುಟ್ಟಿಕೊಂಡು ಹೋಗುವ ಸದ್ದು ಕೇಳಿಸಿತು.

ರೀಲು ಓಡಿತು. ದೀಪ ಹತ್ತಿತು. ಕಿವಿ ಎಡಗಡೆ ಮೇಲೆ ಚೊಕ್ಕ ಎಂದ. ಎಷ್ಟೋ ಕಾಲದ ಮೇಲೆ ಅತ್ತಿಗೆ ತನ್ನದೇ ಮೂಲೆಯನ್ನು ನೋಡಿ ಚೊಕ್ಕ ಎಂದಳು.

"ಬಲಗಡೆ ಕೆಳಗೆ ಚೊಕ್ಕ," ಎಂದಳು ಕತ್ತರಿ. "ಬಲಗಡೆ ಮೇಲೆ ತಂತಿ ಇದೆ. ಕಣಿವೆಯ ಅಡ್ಡಕ್ಕೆ."

ಹಿಂದಿನಿಂದ ಅಣ್ಣನ ದನಿ ಬಂತು.

"ನಿನ್ನೆ ಇತ್ತಾ?"

"ಇತ್ತು. ಎರಡು ಸಲ ಹಾಕಿಸಿದ್ದು ಅದಕ್ಕೇ."

ಇನ್ನೊಮ್ಮೆ ಹಾಕಲು ಅಣ್ಣ ಕೂಗಿ ಹೇಳಿದ. ಈ ಸಲ ಕತ್ತರಿ ಪರದೆಗೆ ಬೆನ್ನು ಮಾಡಿ ಅವನನ್ನೇ ನೋಡುತ್ತ ಕೂತಳು. ಯಾವ ಮೂಲೆಯೂ ನೋಡುವವರಿಲ್ಲದೆ ಹೋಗಬಾರದೆಂಬ ನಿಯಮವನ್ನು ಅವಳು ಮುರಿದದ್ದು ಅದೊಂದೇ ಸಲ. ನದಿಯ ಬೆಳಕು ಅವನ ಮುಖದ ಮೇಲೆ ಹರಿಯುತ್ತಿತ್ತು. ಅವನು ನೋಟವನ್ನಷ್ಟೇ ಅಲ್ಲ, ಗದ್ದ ಎತ್ತಿ, ಕತ್ತು ತಿರುಗಿಸಿ, ಇಡೀ ತಲೆಯನ್ನೇ ಆ ಮೂಲೆಯತ್ತ ಒಯ್ದು, ಅಲ್ಲಿಂದಲೂ ಆಚೆಗೆ ಒಯ್ದು ಹುಡುಕಿದ. ಕಡೆಗೆ ಅವನ ತಲೆ ಒಂದು ಕಡೆ ನಿಂತಿತು.

"ಹೌದು, ಇದೆ," ಎಂದ.

ದೀಪ ಹತ್ತಿದ ಮೇಲೂ ಅವನು ಅಲ್ಲೇ ಕೂತಿದ್ದ. ಕತ್ತರಿ ಹೋಗಿ ಅವನ ಮುಂದಿನ ಸಾಲಿನಲ್ಲಿ ನಿಂತಳು. ಪೈಲಟ್ಟಿಗೆ ತಂತಿಯ ವಿಷಯ ಇವತ್ತೇ ತಿಳಿಸು ಎಂದ. ಆಮೇಲೆ ಕನ್ನಡಕ ತೆಗೆದು, ಒರೆಸದೆ ಕೈಯಲ್ಲೇ ಹಿಡಿದುಕೊಂಡು ಹೇಳಿದ: "ಎರಡನೇ ಕ್ಯಾಮೆರಾದವಳಿಗೂ ಫೋನ್ ಮಾಡು. ಬಾಗಿಲಲ್ಲಿ ಅವಳು ಕೂರಲಿ. ಬೆಲ್ಟು ನಾನು ಕಟ್ಟಿ ಕಳಿಸ್ತೀನಿ."

ಅವಳು ಆಗಲಿ ಎಂದಳು.

"ಕತ್ತರೀ," ಎಂದ ಅಣ್ಣ. "ಆ ನೀರು ಎಷ್ಟು ಚೆನ್ನಾಗಿದೆಯಲ್ಲ. ಅದು ಹಾಗೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ."

ಅಷ್ಟರಲ್ಲಿ ಬಾಗಿಲು ತೆರೆದು ಶಾಲೆಯ ಮಕ್ಕಳು ನುಗ್ಗಿದರು. ಬೆಳಗಿನ ಆಟ ಶುರುವಾಗುವ ಹೊತ್ತು. ಕಿವಿ ಮತ್ತು ಅತ್ತಿಗೆ ಎದ್ದು ಹೊರಗೆ ನಡೆದರು. ಟೀಚರೊಬ್ಬರು ಸಾಲು ಎಣಿಸಿ ಮಕ್ಕಳನ್ನು ಕೂರಿಸುತ್ತ, ನಡುವೆ ಕೂತಿದ್ದ ಹಿರಿಯರನ್ನು ಕಂಡು ಅನುಮಾನಿಸಿದರು. ತಾನು ಇಲ್ಲೇ ಕೂರುತ್ತೇನೆ, ಮಕ್ಕಳಿಗೆ ತೊಂದರೆಯಿಲ್ಲ ತಾನೇ ಎಂದು ಅಣ್ಣ ಕೇಳಿದ. ಅವನ ಎರಡೂ ಪಕ್ಕ ಮಕ್ಕಳು ತುಂಬಿಕೊಂಡರು.

ಕತ್ತರಿ ಫೋನ್ ಮಾಡಲೆಂದು ಹೊರಟವಳು ಪಕ್ಕದ ಬಾಗಿಲ ಹತ್ತಿರ ನಿಂತಳು. ದೀಪ ಆರಿತು. ಜೌಗು ನೆಲ ಪರದೆ ತುಂಬ ಬೆಳಗಾಯಿತು. ಹುಲ್ಲು, ಹಕ್ಕಿ, ಕಿವಿ ಒಬ್ಬನೇ ಕೂತು ಹಿಡಿದು ತಂದ ಕೂಗು. ಆಮೇಲೆ ವಿಮಾನ ಮೇಲೇರಿ ನಿಧಾನವಾಗಿ ಪಕ್ಕಕ್ಕೆ ವಾಲಿತು. ಮಕ್ಕಳೆಲ್ಲ ಒಂದೇ ಕಡೆಗೆ ಬಾಗಿ ಕಿರುಚಿಕೊಂಡರು. ಅವರ ನಡುವೆ ಅಣ್ಣನೂ ಬಾಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಎರಡೂ ಕೈಗಳು ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.