ಹಲ್ಲಿನ ಗುರುತಿನ ಜೀನು

"ದೂರ ನಿಂದ್ರು, ಹಲ್ಕಟ್ ರಂಡಿ! ಕುದುರಿ ಮೈ ಮುಟ್ಟಿದ್ರ ಕೈ ಕಡದೇನು!"

ಚಾಚಿದ ಕೈಯನ್ನು ಮಾರೆವ್ವ ಹಿಂದಕ್ಕೆಳೆದುಕೊಂಡಳು. ಕೂಗಿದ ಗವಿಸಿದ್ದಪ್ಪಗೌಡ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅಂಗಳದಲ್ಲಿ ಬಿಳಿ ಹೆಣ್ಣು ಕುದುರೆ ಬೆನ್ನಿಗೆ ನೊಣ ಮುತ್ತಿಸಿಕೊಂಡು ನಿಂತಿತ್ತು. ಮಗ ಹಾಲೇಶನ ಮದುವೆ ಮೆರವಣಿಗೆಗೆಂದು ತಂದ ಕುದುರೆ ಅದು. ಜೊತೆಗೆ ಪುಣೆಯಿಂದ ತರಿಸಿದ, ಸವಾರ ಕೂರುವ ಮಿರಿಮಿರಿ ತೊಗಲಿನ ಜೀನು ಬೆನ್ನೆಲುಬನ್ನೇ ಒತ್ತಿ ಎರಡು ಕಡೆ ಹುಣ್ಣು ಮಾಡಿತ್ತು. ಈಗ ಯಾರು ಹತ್ತಿದರೂ ಕೆಡವುತ್ತಿತ್ತು. ಮದುವೆಗೆ ಉಳಿದದ್ದು ಹನ್ನೆರಡು ದಿನ. ಕುಷ್ಟಗಿಯಿಂದ ಈಚೆಗೆ ಜೀನು ಹೊಲಿಯುವ ಕೈ ಅಂದರೆ ಮಾರೆವ್ವನದೊಂದೇ. ಗಂಡ ಪಕೀರಪ್ಪ ಕಲಿಸಿಟ್ಟು ಹೋದದ್ದು.

"ಮುಟ್ಟಲಾರದ ಅಳತಿ ಸಿಗೂದಿಲ್ರಿ, ಗೌಡ್ರ."

"ಕೋಲಿಗೆ ದಾರ ಕಟ್ಕೊಂಡು ತಗೋ."

"ನೋವು ಎಲ್ಲೈತಂತ ಕೋಲಿಗೆ ತಿಳೀತೈತೇನ್ರಿ?"

ಕುದುರೆ ನೋಡಿಕೊಳ್ಳುವ ಮರ್ದಾನಸಾಬ ಬಾಯಿ ಹಾಕಿದ. "ಅಕಿ ಹೇಳೂದು ಖರೇ ಐತ್ರಿ, ಧಣಿ. ಅಳತಿ ಇಲ್ಲದ ತರಿಸಿದ್ದಕ್ಕ ಹಿಂಗಾತು."

ಗೌಡ ಪಿಚಕ್ಕನೆ ಉಗುಳಿದ. "ಮುಟ್ಟಲಿ. ಆಮ್ಯಾಲ ಗೋಮೂತ್ರ ಸುರುವಿ ತೊಳಿ."

ಮಾರೆವ್ವ ಹುಣ್ಣು ಬಿಟ್ಟು ಬೆನ್ನಿಗೆಲ್ಲ ಕಲಸಿದ ಬೂದಿ ಬಳಿದಳು. ಮೇಲೆ ಕರಿ ಕಂಬಳಿ ಹಾಸಿ ಒತ್ತಿ ತೆಗೆದಳು. ಎಲ್ಲಿ ಬೂದಿ ದಟ್ಟವಾಗಿ ಅಂಟಿದೆಯೋ ಅಲ್ಲಿ ಉಬ್ಬು, ಅಂಟದಲ್ಲಿ ತಗ್ಗು. ಕಂಬಳಿಯ ಮೇಲೆ ಬೆನ್ನಿನ ನಕಾಶೆ ಮೂಡಿತು. ಬರಿಗೈಯಿಂದ ಸವರಿದಾಗ ಕುದುರೆ ಮೊದಲು ನಡುಗಿತು, ಆಮೇಲೆ ಅವಳ ಭುಜಕ್ಕೆ ಮೂತಿ ಒರಗಿಸಿತು. ಗಂಡ ಸತ್ತ ಮೇಲೆ ಆ ಭುಜಕ್ಕೆ ಯಾವ ಜೀವವೂ ಒರಗಿರಲಿಲ್ಲ.

ಅವಳು ಅಂಗಳ ದಾಟುವುದರೊಳಗೆ ಕೊಡ ಸುರುವಿದರು. ಹಸಿ ಹುಣ್ಣಿಗೆ ಬಿದ್ದ ಗೋಮೂತ್ರಕ್ಕೆ ಕುದುರೆ ಕಿರುಚಿತು. ಆ ಉರಿ ಮಾರೆವ್ವನ ಹಲ್ಲಿಗಿಳಿಯಿತು.

ಮನೆಗೆ ಬಂದವಳೇ ಗೂಡಿನಿಂದ ಗಂಟೊಂದನ್ನು ಇಳಿಸಿದಳು. ಒಳಗೆ ಪಕೀರಪ್ಪನ ಕೆರ, ತೊಗಲಿನ ಚಪ್ಪಲಿ ಜೋಡಿ. ಆರು ವರ್ಷದ ಹಿಂದೆ, ತಾನೇ ಹೊಲಿದ ಆ ಹೊಸ ಕೆರ ಮೆಟ್ಟಿಕೊಂಡು ಗೌಡನ ಕಟ್ಟೆ ಮುಂದೆ ಹಾದುಹೋಗಿದ್ದ. ಗೌಡ ಎರಡನ್ನೂ ಬಾಯಲ್ಲಿ ಕಚ್ಚಿಸಿ ಊರ ಬಾಗಿಲ ತನಕ ಮಂಡಿಯ ಮೇಲೆ ನಡೆಸಿದ್ದ. ಆ ಬಾಯಿಂದ ಪಕೀರಪ್ಪ ಆಮೇಲೆ ಸರಿಯಾಗಿ ಉಣ್ಣಲಿಲ್ಲ. ಎರಡು ತಿಂಗಳಲ್ಲಿ ಹೋದ. ತೊಗಲಿನ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು. ಎಷ್ಟೋ ಸಲ ಒಲೆಗೆ ಹಾಕಲು ಎತ್ತಿ, ಮತ್ತೆ ಕಟ್ಟಿಟ್ಟಿದ್ದಳು. ಯಾಕೆ ಇಟ್ಟುಕೊಂಡೆನೆಂದು ಈಗ ಗೊತ್ತಾಯಿತು.

ಹೊಸ ಜೀನಿನಲ್ಲಿ ಕುದುರೆಯ ಬೆನ್ನಿಗೆ ತಾಗುವ ಕಡೆ ಮೆತ್ತನೆ ಉಣ್ಣೆ ತುಂಬಿದಳು. ಹುಣ್ಣಿನ ಜಾಗಕ್ಕೆ ಟೊಳ್ಳು ಬಿಟ್ಟಳು. ಬೆನ್ನೆಲುಬಿನ ಮೇಲೆ ಎರಡು ಬೆರಳು ಗಾಳಿಯಾಡುವಷ್ಟು ಎತ್ತರಿಸಿದಳು. ಆ ಮೂಕಜೀವಕ್ಕೆ ಒಂದು ಹೊಲಿಗೆಯೂ ಚುಚ್ಚಬಾರದು. ಮೇಲೆ, ಮದುಮಗ ಕೂರುವಲ್ಲಿ, ಎರಡೂ ಕೆರವನ್ನು ಹಲ್ಲಿನ ಗುರುತು ಮೇಲ್ಮುಖ ಮಾಡಿ ಬಿಗಿದು ಹೊಲಿದಳು. ಅದರ ಮೇಲೆ ಕೆಂಪು ಮಕಮಲ್ಲು.

ಮದುವೆಯ ದಿನ ಕುದುರೆ ಮಿಸುಕದೆ ಹೊರೆ ಹೊತ್ತಿತು. ಹಾಲೇಶ ಹತ್ತುತ್ತಲೇ ಸೋದರತ್ತೆ ಕೂಗಿದಳು: "ಹಂದರ ಮುಟ್ಟೂತನಾ ನೆಲಕ್ಕ ಕಾಲು ಇಡಬ್ಯಾಡಪಾ! ಮನಿತನಕ್ಕ ಕೇಡು!"

ಗೌಡ ಬೀಗರ ಮುಂದೆ ಬೀಗುತ್ತಿದ್ದ. "ಜೀನು ಹೆಂಗ ಕುಂತೈತಿ ನೋಡ್ರಿ!"

ಗೌಡನ ಕಟ್ಟೆಯ ಮುಂದೆ ಮೆರವಣಿಗೆ ತಡೆದು ನಿಂತಿತು. ದಾರಿಯ ನಡುವೆ ಮಾರೆವ್ವ ನಿಂತಿದ್ದಳು, ಕಾಲಲ್ಲಿ ಕೆರ ಮೆಟ್ಟಿಕೊಂಡು.

"ಕೆರ ಬಿಡಲೇ, ಬೋಸುಡಿ!"

"ನನ್ನ ಕಾಲಾಗ ಎರಡು ಅದಾವ್ರಿ, ಗೌಡ್ರ. ಇನ್ನೆರಡು ನಿಮ್ಮ ಮಗನ ಕುಂಡಿ ಬುಡಕ ಅದಾವ. ನನ್ನ ಗಂಡನ್ವು. ನೀವು ಬಾಯಾಗ ಕಚ್ಚಿಸಿದ್ರಲ್ಲ, ಅವ. ಮಕಮಲ್ಲು ಹರದು ನೋಡ್ರಿ, ಹಲ್ಲು ಮೂಡ್ಯಾವ."

ಡಿಜೆ ನಿಂತಿತು. ಮೊಬೈಲುಗಳು ಮೇಲೆದ್ದವು.

"ಇಳಿಯಲೇ!" ಗೌಡ ಚೀರಿದ.

"ಇಳೀಬ್ಯಾಡೋ, ಕೇಡು!" ಸೋದರತ್ತೆ ಚೀರಿದಳು.

ಯಾರೋ ಗೋಮೂತ್ರದ ಕೊಡಕ್ಕೆ ಓಡಿದರು. ಹಾಲೇಶ ಕೂರಲೂ ಆರದೆ, ಇಳಿಯಲೂ ಆರದೆ, ಕುದುರೆಯ ಜೂಲು ಹಿಡಿದು ಬಾಸಿಂಗ ನಡುಗಿಸುತ್ತ ಅರ್ಧ ಎದ್ದು ನಿಂತಿದ್ದ.

ಕುದುರೆ ಮಾತ್ರ ನೆಮ್ಮದಿಯಿಂದ ಬಾಲ ಬೀಸಿತು. ಮಾರೆವ್ವ ದಾರಿ ಬಿಡಲಿಲ್ಲ.